ಸೂರ್ಯನಿಗೂ ಒಂದು ಆರ್‌ಆರ್ ನಂಬರ್ ಕೊಡಿ

ಸೌರಶಕ್ತಿಯ ಸಮಾನ ಹಂಚಿಕೆಯ ಬಗ್ಗೆ ಸಕಲೇಶಪುರದ ರೆಸಾರ್ಟ್ ಒಂದರಲ್ಲಿ ಎರಡು ದಿನ ಚಿಂತನೆ ನಡೆದ ಸುದ್ದಿಯನ್ನು ನೀವೂ ಓದಿರುತ್ತೀರಿ. ಓದದಿದ್ದರೂ ನಷ್ಟವಿಲ್ಲ, ಫೋಟೊ ನೋಡಿದ್ದರೆ ಸಾಕು. ಹಳದಿ ಟೋಪಿ ಹಾಕಿಕೊಂಡ ಒಂದು ಸಾಲು ಜನ ಆಕಾಶದತ್ತ ಕೈ ಎತ್ತಿ ನಿಂತಿದ್ದಾರೆ. ಆಕಾಶದಲ್ಲಿ ಸೂರ್ಯ ಇಲ್ಲ. ಆಷಾಢದ ಜಡಿಮಳೆಯಲ್ಲಿ ಸಕಲೇಶಪುರಕ್ಕೆ ಸೂರ್ಯನನ್ನು ಹುಡುಕಿಕೊಂಡು ಬರುವವರಿಗೆ ನಮ್ಮ ಕಡೆ ಒಂದು ಹೆಸರಿದೆ. ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ.

ಬೆಂಗಳೂರಿನಿಂದ ಬಂದ ಆ ಸ್ವಯಂಸೇವಾ ಸಂಸ್ಥೆಯವರ ಉದ್ದೇಶದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ರಾಜ್ಯದ ಸೌರ ನೀತಿ ಬಡವರಿಗೂ ಮುಟ್ಟಬೇಕು ಎನ್ನುತ್ತಾರೆ. ಬೇಡ ಎಂದವರು ಯಾರು? ನನ್ನನ್ನೂ ‘ಸ್ಥಳೀಯ ಪಾಲುದಾರ’ ಎಂದು ಕರೆದಿದ್ದರು. ಯಾವುದರಲ್ಲಿ ಪಾಲು ಎಂದು ಕೇಳಲಿಲ್ಲ, ಹೋದೆ. ಅಕ್ಕಿರೊಟ್ಟಿ, ಕಳಲೆ ಪಲ್ಯ, ಎರಡು ಬಗೆಯ ಪಾಯಸ. ಕೈಗೊಂದು ಬಟ್ಟೆಚೀಲ, ಅದರೊಳಗೆ ಬಿದಿರಿನ ಪೆನ್ನು, ಜೊತೆಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ. ಕನ್ನಡದ್ದು ಸಿದ್ಧವಾಗುತ್ತಿದೆಯಂತೆ. ಕನ್ನಡದ್ದು ಸದಾ ಸಿದ್ಧವಾಗುತ್ತಲೇ ಇರುತ್ತದೆ.

ನೀತಿಗೆ ನಮ್ಮಲ್ಲಿ ಬರಗಾಲ ಬಂದದ್ದೇ ಇಲ್ಲ. 2014ರಿಂದ 2021ರವರೆಗೆ ಒಂದು ಸೌರ ನೀತಿ ಇತ್ತು. 2022ರಿಂದ 2027ರವರೆಗೆ ನವೀಕರಿಸಬಹುದಾದ ಇಂಧನ ನೀತಿ ಇದೆ. ಅದಕ್ಕೂ ಮುಂಚೆ, 2013ರಲ್ಲಿ, ಛಾವಣಿಯ ಮೇಲೆ ತಯಾರಿಸಿದ ಕರೆಂಟಿಗೆ ವಿದ್ಯುತ್ ನಿಯಂತ್ರಣ ಆಯೋಗ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. ಆ ದರ ಕಂಡ ಮೇಲೆ ಛಾವಣಿಗೋಸ್ಕರ ಕಟ್ಟಡಗಳು ಎದ್ದವು, ಕೋಳಿಯೇ ಇಲ್ಲದ ಕೋಳಿ ಶೆಡ್ಡುಗಳು ಹುಟ್ಟಿದವು ಎಂದು ಜನ ಆಡಿಕೊಂಡರು. ನಂತರ ದರ ಇಳಿಯಿತು. ಆಗ ಕೋಳಿಗಳಿಗೂ ಅವಕಾಶ ಸಿಕ್ಕಿರಬೇಕು.

ಈಗಿನದು ಇನ್ನೂ ಸೊಗಸು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಒಂದು ಕೋಟಿ ಮನೆ, 75 ಸಾವಿರ ಕೋಟಿ ರೂಪಾಯಿ, ತಿಂಗಳಿಗೆ 300 ಯೂನಿಟ್‌ವರೆಗೆ ಉಚಿತ ಕರೆಂಟ್. ಮೂರು ಕಿಲೋವಾಟ್ ಹಾಕಿಸಿದವರಿಗೆ 78 ಸಾವಿರ ರೂಪಾಯಿ ಸಹಾಯಧನ. ಆದರೆ ಅದಕ್ಕೂ ಮೊದಲೇ, 2023ರ ಜುಲೈಯಿಂದ, ರಾಜ್ಯ ಸರ್ಕಾರ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಕಟ್ಟಬೇಡಿ ಎಂದಾಗಿತ್ತು. ಹಾಸನದಲ್ಲಿ ತಿಂಗಳಿಗೆ ತೊಂಬತ್ತು ಯೂನಿಟ್ ಉರಿಸಿ ಸೊನ್ನೆ ಬಿಲ್ಲು ಪಡೆಯುವ ನಿವೃತ್ತ ಮೇಷ್ಟ್ರು ಲಕ್ಷ ದಾಟಿದ ಹಣ ಸುರಿದು ತಾರಸಿಯ ಮೇಲೆ ಗಾಜು ಹಾಸಿಕೊಳ್ಳುವುದು ಯಾವ ಸುಖಕ್ಕೆ? ಒಬ್ಬರು ಪುಕ್ಕಟೆ ಕೊಡುತ್ತೇವೆ, ಖರ್ಚು ಮಾಡಿ ಎನ್ನುತ್ತಾರೆ. ಇನ್ನೊಬ್ಬರು ಖರ್ಚೂ ಮಾಡಬೇಡಿ, ಪುಕ್ಕಟೆ ತೆಗೆದುಕೊಳ್ಳಿ ಎನ್ನುತ್ತಾರೆ. ಸೂರ್ಯನಿಗೆ ಪ್ರತಿಸ್ಪರ್ಧಿ ಎಂದು ಯಾರಾದರೂ ಹುಟ್ಟಿದ್ದರೆ ಅದು ನಮ್ಮ ಸರ್ಕಾರಗಳಲ್ಲೇ. ಹಾಗೆಂದು ಗೃಹಜ್ಯೋತಿಯನ್ನು ನಾನು ದೂರುವುದಿಲ್ಲ. ಬಾಡಿಗೆ ಮನೆಯವರಿಗೂ ಅದು ಸಿಕ್ಕಿತು. ಛಾವಣಿ ಯಾರದು ಎಂದು ಅದು ಕೇಳಲಿಲ್ಲ.

ಸೂರ್ಯಘರ್ ಕೇಳುತ್ತದೆ. ಮನೆ ನಿಮ್ಮದಾಗಿರಬೇಕು, ಫಲಕ ಹಾಕಲು ತಕ್ಕ ಛಾವಣಿ ಇರಬೇಕು, ಕರೆಂಟ್ ಸಂಪರ್ಕ ಇರಬೇಕು. ಮೊದಲು ಕೈಯಿಂದಲೋ ಸಾಲದಿಂದಲೋ ಹಣ ಹಾಕಬೇಕು, ಸಹಾಯಧನ ಆಮೇಲೆ. ಅಂದರೆ ಈಗಾಗಲೇ ಮನೆ ಕಟ್ಟಿ, ಖಾತೆ ಮಾಡಿಸಿ, ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಪಡೆದು ನೆಮ್ಮದಿಯಾಗಿರುವವರು ಮುಂದೆ ಬನ್ನಿ, ನಿಮ್ಮ ಬಡತನ ನೀಗಿಸುತ್ತೇವೆ ಎಂದರ್ಥ.

ಕಾರ್ಯಾಗಾರದ ಎರಡನೆಯ ದಿನ ‘ಫಲಾನುಭವಿಗಳ ಧ್ವನಿ’ ಎಂಬ ಗೋಷ್ಠಿ ಇತ್ತು. ಪಕ್ಕದ ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಇಬ್ಬರು ಹೆಂಗಸರನ್ನು ಜೀಪಿನಲ್ಲಿ ಕರೆತಂದು ಕೂರಿಸಿದ್ದರು. ಇನ್ನೂ ಯಾವ ಫಲವನ್ನೂ ಅನುಭವಿಸದವರನ್ನು ಫಲಾನುಭವಿ ಎನ್ನುವ ಧೈರ್ಯಕ್ಕೆ ಮೆಚ್ಚಬೇಕು. ಗೋಷ್ಠಿ ನಡೆಸುತ್ತಿದ್ದ ಹುಡುಗಿ ಒಬ್ಬಾಕೆಯ ಕೈಗೆ ಅಂಗೈಯಗಲದ ಹಳದಿ ಚೀಟಿ ಕೊಟ್ಟು, “ಅಕ್ಕಾ, ಸೌರಶಕ್ತಿಯ ಬಗ್ಗೆ ನಿಮ್ಮ ಕನಸು ಏನು? ಬರೆಯಿರಿ” ಎಂದಳು. ಆಕೆ ಚೀಟಿಯನ್ನು ತಿರುಗಿಸಿ ನೋಡಿದಳು. ಹಿಂದಿನ ಅಂಟು ಬೆರಳಿಗೆ ಹತ್ತಿಕೊಂಡಿತು. ಸೆರಗಿಗೆ ಒರೆಸಿಕೊಂಡು, “ಬರೆಯಲು ಬರುವುದಿಲ್ಲ ಅಮ್ಮಾ. ಇವತ್ತಿನ ಕೂಲಿ ಯಾರು ಕೊಡುತ್ತಾರೆ? ರೈಟರು ಹಾಜರಿ ಹಾಕುವುದಿಲ್ಲ” ಎಂದಳು. ಹುಡುಗಿ ಒಂದು ಕ್ಷಣ ಯೋಚಿಸಿ, ಚೀಟಿಯ ಮೇಲೆ ತಾನೇ ‘ಜೀವನೋಪಾಯ ಭದ್ರತೆ’ ಎಂದು ದುಂಡಗೆ ಬರೆದು ಹಲಗೆಗೆ ಅಂಟಿಸಿದಳು. ಚಪ್ಪಾಳೆ ಬಿತ್ತು. ಸಂಜೆ ಕಳುಹಿಸಿಕೊಡುವಾಗ ಇಬ್ಬರಿಗೂ ಟೋಪಿ ಹಾಕಿದರು. ಹಳದಿ ಬಟ್ಟೆಯ ಟೋಪಿಯನ್ನೇ ಹೇಳುತ್ತಿದ್ದೇನೆ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ನನಗೂ ಗೊತ್ತು. ಲೈನ್ ಮನೆ ತೋಟದ ಸಾಹುಕಾರರದು. ಛಾವಣಿ ಅವರದು, ಅದು ನಿಂತಿರುವ ನೆಲ ಅವರದು, ಮೀಟರ್ ಇದ್ದರೆ ಅದರ ಹೆಸರೂ ಅವರದೇ. ತೋಟದ ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಆ ಹೆಂಗಸು ಯಾವ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು? ತೋಟ ಬಿಟ್ಟು ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು ಮನೆ ಸಕ್ರಮ ಮಾಡಿಕೊಡಿ ಎನ್ನುವ ‘94ಸಿ’ ಅರ್ಜಿ ಹಿಡಿದು ನಾಡಕಚೇರಿಯ ಮೆಟ್ಟಿಲಲ್ಲಿ ಕುಳಿತಿರುತ್ತಾರೆ. ಹಕ್ಕುಪತ್ರ ಬಂದರೆ ಖಾತೆ, ಖಾತೆ ಬಂದರೆ ಇ-ಸ್ವತ್ತು, ಆಮೇಲೆ ಆರ್‌ಆರ್ ನಂಬರ್, ಆಮೇಲೆ ಸೂರ್ಯ. ಸಮಾನತೆಯ ಬಗ್ಗೆ ಎರಡು ದಿನ ಮಾತಾಡಿದವರಲ್ಲಿ ಒಬ್ಬರೂ ಈ ಕಾಗದಗಳ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಊಟಕ್ಕೆ ತಡವಾಗುತ್ತಿತ್ತೇನೋ. ಬಡವರ ಹೆಸರಿನಲ್ಲಿ ಸಭೆ ಮಾಡಿ ಬಡವರ ಒಂದು ದಿನದ ಕೂಲಿಯನ್ನೇ ಮುರಿದುಕೊಂಡು ಹೋದರಲ್ಲ, ಅದಕ್ಕೆ ಏನು ಹೇಳಲಿ?

ಪಾವಗಡದ ಸೌರ ಪಾರ್ಕಿನಲ್ಲೂ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸುಮಾರು 13 ಸಾವಿರ ಎಕರೆ, 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ರೈತರಿಗೆ ಬಾಡಿಗೆ ಶುರುವಾಯಿತು. ಮಳೆಯನ್ನು ನಂಬಿ ಕೆಟ್ಟವರಿಗೆ ಬಿಸಿಲೇ ಫಸಲು ಕೊಟ್ಟಿತು, ಒಳ್ಳೆಯದೇ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಂತು. ಬಯಲಿನಲ್ಲಿ ಪಹಣಿ, ಊರಿನಲ್ಲಿ ಛಾವಣಿ, ಅಷ್ಟೇ ವ್ಯತ್ಯಾಸ. ಛಾವಣಿಯವರಾದರೂ ಹತ್ತಿದರೇ? 2022ರ ಹೊತ್ತಿಗೆ ದೇಶದ ಛಾವಣಿಗಳ ಮೇಲೆ 40 ಸಾವಿರ ಮೆಗಾವಾಟ್ ಎಂದು 2015ರಲ್ಲಿ ಘೋಷಿಸಿದ್ದರು. ಗಡುವು ದಾಟಿತು, ಗುರಿ ದೂರದಲ್ಲೇ ಉಳಿಯಿತು. ಬಯಲಿನಲ್ಲಿ ಓಡಿದ ಸೂರ್ಯ ಏಣಿ ಹತ್ತುವಾಗ ಏದುಸಿರು ಬಿಟ್ಟ.

ಸಮಾನ ಪ್ರವೇಶ ಎಂದರೇನು ಎಂದು ಹಾಸನದವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ನಾವು ಅದನ್ನು ಕಣ್ಣಾರೆ ನೋಡುತ್ತೇವೆ. ಸಾವಿರ ರೂಪಾಯಿಯ ಸಾಲು, ಮುನ್ನೂರರ ಸಾಲು, ಧರ್ಮದರ್ಶನದ ಸಾಲು, ಇವು ಯಾವುದರಲ್ಲೂ ನಿಲ್ಲದೆ ಪಕ್ಕದ ಬಾಗಿಲಿನಿಂದ ನೇರವಾಗಿ ಒಳಗೆ ಹೋಗಿ ಬರುವವರು. ಹಿಂದಿನ ವರ್ಷ ಹಚ್ಚಿಟ್ಟ ದೀಪ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ ಎಂಬುದು ನಮ್ಮ ನಂಬಿಕೆ. ಗರ್ಭಗುಡಿಯಲ್ಲಿ ದೀಪ ಎಲ್ಲರಿಗೂ ಒಂದೇ. ತಕರಾರು ಇರುವುದು ಅಲ್ಲಿಯವರೆಗಿನ ಸಾಲಿನದು.

ಇದೇ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಇದೆ. 1982ರಿಂದ ಅಲ್ಲಿನವರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದಾರೆ. ಅವು ನಡೆಯುವುದು ಸೌರಫಲಕದಿಂದ. ಹಗಲು ರಾತ್ರಿ ಸಮನಾಗುವ ಕಾಲದ ಆಸುಪಾಸಿನಲ್ಲಿ, ವರ್ಷಕ್ಕೆ ಎರಡು ಸಲ, ಭೂಮಿಯ ನೆರಳು ಬಿದ್ದು ಅವುಗಳಿಗೆ ದಿನಕ್ಕೆ ಹೆಚ್ಚೆಂದರೆ 72 ನಿಮಿಷ ಬಿಸಿಲು ತಪ್ಪುತ್ತದೆ. ಅಷ್ಟು ಹೊತ್ತು ಬ್ಯಾಟರಿ. ಯಾವ ದಿನ ಯಾವ ನಿಮಿಷಕ್ಕೆ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ತಿಂಗಳುಗಳ ಮೊದಲೇ ಲೆಕ್ಕ ಸಿದ್ಧ. ಹಾಸನ ಜಿಲ್ಲೆಯಲ್ಲಿ ವೇಳಾಪಟ್ಟಿಗೆ ಸರಿಯಾಗಿ ಕರೆಂಟ್ ಹೋಗಿ ಬರುವ ಗಿರಾಕಿಗಳು ಈ ಉಪಗ್ರಹಗಳು ಮಾತ್ರ. ಅದೇ ಊರಿನಲ್ಲಿ ಫಲಕ ಹಾಕಿಸಿ ಕುಳಿತ ನನ್ನ ಪರಿಚಿತರಿಗೆ ಎರಡೂ ಕಡೆ ತಿರುಗುವ ಮೀಟರ್ ಇನ್ನೂ ಬಂದಿಲ್ಲ. “ಸ್ಟಾಕ್ ಇಲ್ಲ, ಸೋಮವಾರ ಬನ್ನಿ” ಎನ್ನುತ್ತಾರಂತೆ. ಯಾವ ಸೋಮವಾರ ಎಂದು ಇಸ್ರೊದವರನ್ನು ಕೇಳಿ ನೋಡಬಹುದು.

ರೆಸಾರ್ಟ್‌ನ ಮಾತಿಗೆ ಬಂದರೆ, ಅದರ ಛಾವಣಿಯ ಮೇಲೂ ಫಲಕಗಳಿದ್ದವು. ಮೊದಲ ದಿನ ಮಧ್ಯಾಹ್ನ, ಮಳೆ ಸ್ವಲ್ಪ ಹೊಳವಾಗಿ ಬೆಳಕು ಬಿದ್ದಿದ್ದ ಹೊತ್ತಿನಲ್ಲೇ, ತೋಟದ ಸಿಲ್ವರ್ ಮರ ತಂತಿಯ ಮೇಲೆ ಒರಗಿ ಕರೆಂಟ್ ಹೋಯಿತು. ಪರದೆಯ ಮೇಲಿದ್ದ ಸೂರ್ಯನ ಚಿತ್ರವೂ ಹೋಯಿತು. “ಮೇಲೆ ಸೋಲಾರ್ ಇದೆಯಲ್ಲ?” ಎಂದು ಎಲ್ಲರೂ ಮೇಲೆ ನೋಡಿದರು. ಉತ್ತರ ಹೇಳಿದ್ದು ಕೊಡಲಿ, ಹಗ್ಗ ಹಿಡಿದು ಮರ ಕಡಿಯಲು ಬಂದ ಲೈನ್‌ಮ್ಯಾನ್. “ಲೈನಿಗೆ ಜೋಡಿಸಿದ ಸೋಲಾರ್ ಸ್ವಾಮಿ. ಲೈನ್ ಹೋದರೆ ಅದೂ ತಾನಾಗಿ ನಿಂತುಬಿಡುತ್ತದೆ. ನಿಲ್ಲದಿದ್ದರೆ ಕಂಬದ ಮೇಲೆ ನಾನು ಸಾಯುತ್ತೇನೆ.” ನಿಯಮ ಸರಿಯಾಗಿಯೇ ಇದೆ, ಆತ ಬದುಕಬೇಕು. ಬ್ಯಾಟರಿ ಬೇಕೆಂದರೆ ಬೇರೆ ಖರ್ಚು. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕತ್ತಲಲ್ಲಿ ಕೂರುವ ಮಲೆನಾಡಿಗೆ, ಕರೆಂಟ್ ಇದ್ದಾಗ ಮಾತ್ರ ಕರೆಂಟ್ ಕೊಡುವ ಯಂತ್ರವನ್ನು ಹಂಚಲು ಹೊರಟವರು ಈ ಒಂದು ವಾಕ್ಯವನ್ನಾದರೂ ದಪ್ಪ ಪುಸ್ತಕದಲ್ಲಿ ಸೇರಿಸಬಹುದಿತ್ತು. ಲೈನ್‌ಮ್ಯಾನ್‌ಗೆ ಆಹ್ವಾನ ಇರಲಿಲ್ಲ. ಆತ ಮರ ಕಡಿದು, ಕಾಫಿ ಕುಡಿದು ಹೋದ.

ಪ್ರತಿ ಜಿಲ್ಲೆಗೊಂದು ಮಾದರಿ ಸೌರ ಗ್ರಾಮ ಎಂಬ ಪೈಪೋಟಿಯೂ ಇದೆ, ಗೆದ್ದ ಊರಿಗೆ ಒಂದು ಕೋಟಿ ರೂಪಾಯಿ. ಷರತ್ತು ಏನೆಂದರೆ ಜನಸಂಖ್ಯೆ 5 ಸಾವಿರ ಮೀರಿದ ಕಂದಾಯ ಗ್ರಾಮವಾಗಿರಬೇಕು. ಈ ಗುಡ್ಡದಲ್ಲಿ ಒಂದು ಮನೆ, ಆಚೆ ಹಳ್ಳ ದಾಟಿದರೆ ಇನ್ನೊಂದು ಮನೆ, ನಡುವೆ ಜಿಗಣೆ ಇರುವ ನಮ್ಮ ಸೀಮೆಯಲ್ಲಿ ಐದು ಸಾವಿರ ಜನ ಸೇರುವುದು ಜಾತ್ರೆಯಲ್ಲಿ. ಜಾತ್ರೆಯನ್ನೇ ಗ್ರಾಮ ಎಂದು ಘೋಷಿಸಿದರೆ ನಮಗೂ ಒಂದು ಅವಕಾಶ ಸಿಕ್ಕೀತು.

ಹಾಗೆ ನೋಡಿದರೆ ಸಕಲೇಶಪುರ, ಆಲೂರು, ಬೇಲೂರು ಕಡೆ ಸೌರವಿದ್ಯುತ್ತು ತಾರತಮ್ಯವಿಲ್ಲದೆ ತಲುಪಿರುವುದು ಕಾಡಾನೆಗಳಿಗೆ. ಅವುಗಳ ಬಳಿ ಖಾತೆ ಇಲ್ಲ, ಆಧಾರ್ ಇಲ್ಲ, ಮುಂಗಡ ಹಣ ಇಲ್ಲ. ಆದರೂ ಸೋಲಾರ್ ಬೇಲಿಯ ಝುಮ್ ಎನ್ನುವ ಏಟು ಮರಿಯಾನೆಗೂ ದಂತದಾನೆಗೂ ಒಂದೇ ಅಳತೆಯಲ್ಲಿ ಸಿಗುತ್ತದೆ. ಅದನ್ನೂ ಬೇಡ ಎಂದು ಅವು ತಿರಸ್ಕರಿಸುತ್ತಿವೆ ಎನ್ನುವುದು ಬೇರೆ ಮಾತು. ದಂತಕ್ಕೆ ಕರೆಂಟ್ ಹತ್ತುವುದಿಲ್ಲ ಎಂದು ಕಲಿತು ದಂತದಿಂದಲೇ ತಂತಿ ಮೀಟುತ್ತವೆ, ಇಲ್ಲವೇ ಮರವನ್ನು ಬೇಲಿಯ ಮೇಲೆ ಕೆಡವಿ ನಡೆದು ಬರುತ್ತವೆ. ಸಹಾಯಧನದ ಯೋಜನೆಯೊಂದನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲ.

ಕೆಲಸ ಆಗುವುದೇ ಇಲ್ಲ ಎಂದಲ್ಲ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೊ ಎಂಬ ಸೋಲಾರ್ ಕಂಪನಿ ಶುರು ಮಾಡಿದಾಗ ಬಡವರು ಸೋಲಾರ್‌ಗೆ ದುಡ್ಡು ಕಟ್ಟಲಾರರು ಎಂಬುದು ಎಲ್ಲರ ಮಾತಾಗಿತ್ತು. ಬ್ಯಾಂಕ್ ಸಾಲ ಕೊಡಿಸಿ, ದುಡಿಯುವವರ ಆದಾಯ ಬರುವ ರೀತಿಗೆ ಕಂತನ್ನು ಹೊಂದಿಸಿದರೆ ಕಟ್ಟುತ್ತಾರೆ ಎಂದು ಅವರು ತೋರಿಸಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಲ್ಲಿಯೂ ದಾರಿ ಇಲ್ಲದೇ ಇಲ್ಲ. ಒಂದು ಕಡೆ ಫಲಕ ಹಾಕಿ ಅದರ ಯೂನಿಟ್ಟುಗಳನ್ನು ಬೇರೆ ಬೇರೆ ಮನೆಗಳ ಬಿಲ್ಲಿನಲ್ಲಿ ಕಳೆಯುವ ನಿಯಮ ದೆಹಲಿಯಲ್ಲಿ 2019ರಲ್ಲೇ ಬಂದಿದೆ. ತೋಟದ ಪಕ್ಕದ ಶಾಲೆಯ ಛಾವಣಿಯಲ್ಲಿ ಲೈನ್ ಮನೆಯ ಹೆಂಗಸಿಗೆ ಒಂದು ಪಾಲು ಕೊಡಲು ಸೂರ್ಯನ ಅಭ್ಯಂತರವೇನೂ ಇರಲಾರದು. ಅದಕ್ಕೆ ಮೊದಲು ಆಕೆಯ ಹೆಸರಿನಲ್ಲಿ ಒಂದು ಮೀಟರ್ ಇರಬೇಕು.

ಈಗಿನ ನೀತಿಯ ಅವಧಿ 2027ಕ್ಕೆ ಮುಗಿಯುತ್ತದೆ. ಹೊಸದನ್ನು ಬರೆಯುವವರೂ, ಬರೆಯುವವರಿಗೆ ಬುದ್ಧಿ ಹೇಳುವ ಸಂಸ್ಥೆಯವರೂ ಇನ್ನೊಂದು ಕಾರ್ಯಾಗಾರದ ತಯಾರಿಯಲ್ಲಿದ್ದಾರಂತೆ. ಅರ್ಜಿಯಲ್ಲಿ ‘ಮನೆಯ ಮಾಲೀಕರ ಹೆಸರು’ ಎಂದಿರುವ ಕಡೆ ‘ವಾಸವಾಗಿರುವವರ ಹೆಸರು’ ಎಂದು ತಿದ್ದಿದರೆ ಅರ್ಧ ಕೆಲಸ ಮುಗಿಯಿತು. ಅಷ್ಟಕ್ಕೆ ರೆಸಾರ್ಟ್ ಬೇಕಾಗಿಲ್ಲ, ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿ ಸಾಕು.