ಒಂದು ಚಿಟಿಕೆ ಉಪ್ಪು, ಮತ್ತು ನಮ್ಮ ಸೊಸೈಟಿಯ ಟ್ಯಾಂಕು

ಮೊನ್ನೆ ರವಿವಾರ ಮುಂಬೈ ಮುಲುಂಡದ ನಮ್ಮ ಮನೆಗೆ ನೀರಿನ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದಿದ್ದ. ಟೈ, ಬ್ಯಾಗು, ಬ್ಯಾಗಿನೊಳಗೊಂದು ಟಿಡಿಎಸ್ ಪೆನ್ನು. ನಲ್ಲಿ ನೀರಿಗೆ ಅದ್ದಿದ, 68 ಅಂತ ಬಂತು. ತಾನು ತಂದ ಬಾಟಲಿ ನೀರಿಗೆ ಅದ್ದಿದ, 14. "ದೇಖಿಯೇ ಆಂಟಿ, ಕಿತನಾ ಫರಕ್ ಹೈ" ಅಂದ. ಆಮೇಲೆ ಶುರುವಾಯಿತು ನೋಡಿ ಅವನ ದೊಡ್ಡಾಟ. ಎರಡು ಗ್ಲಾಸು, ಪ್ಲಗ್ಗಿಗೆ ಸಿಕ್ಕಿಸುವ ಒಂದು ಡಬ್ಬಿ, ಅದರಿಂದ ಇಳಿಬಿದ್ದ ನಾಲ್ಕು ಲೋಹದ ಕಡ್ಡಿ. ಸ್ವಿಚ್ ಹಾಕಿ ನಾಲ್ಕೈದು ನಿಮಿಷಕ್ಕೆ ನಮ್ಮ ನಲ್ಲಿ ನೀರು ಕೆಮ್ಮಣ್ಣು ಕಲಕಿದ ಹಾಗಾಯಿತು, ಅವನ ನೀರು ತಿಳಿಯಾಗೇ ಉಳಿಯಿತು.

ಮುಂಡರಗಿಯಿಂದ ಬಂದು ತಿಂಗಳಾದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಯ್ಯ ಶಿವನ, ಇದನ್ನ ಕುಡಿಯಾಕ ಹತ್ತೇವೇನ ನಾವು?" ಅಂದಳು.

ಪಾಪ, ಹುಡುಗನ ದುರದೃಷ್ಟ. ಇಪ್ಪತ್ತಾರು ವರ್ಷ ಇದೇ ಊರಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಉಪ್ಪಿನ ಡಬ್ಬಿ ತಂದು ಅವನ ಶುದ್ಧ ನೀರಿಗೆ ಒಂದು ಚಿಟಿಕೆ ಹಾಕಿದೆ, ಮತ್ತೊಮ್ಮೆ ಸ್ವಿಚ್ ಹಾಕು ಅಂದೆ. ಅದು ನಮ್ಮ ನೀರಿಗಿಂತ ಕೆಂಪಾಯಿತು. ಗ್ಲಾಸಿಗೆರಡರಂತೆ ಇಳಿಬಿಟ್ಟ ಆ ಕಡ್ಡಿಗಳಲ್ಲಿ ಒಂದೊಂದು ಕಬ್ಬಿಣದ್ದು. ನೀರಲ್ಲಿ ಸ್ವಲ್ಪ ಲವಣವಿದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಗ್ಲಾಸಿನಲ್ಲಿ ಕಾಣುವ ಹೊಲಸು ನೀರಿನದಲ್ಲ, ಕಡ್ಡಿಯದು. ಅವನು ತಂದ ಆರ್‌ಒ ನೀರಲ್ಲಿ, ಅಂದರೆ ಲವಣವನ್ನು ಬಹುಪಾಲು ಸೋಸಿ ತೆಗೆದ ನೀರಲ್ಲಿ, ಕರೆಂಟು ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ತಿಳಿ. ಹುಡುಗ ನಕ್ಕ. "ನಮಗೆ ಟ್ರೈನಿಂಗ್‌ನಲ್ಲಿ ಇಷ್ಟೇ ಹೇಳಿಕೊಡೋದು ಮೇಡಂ" ಅಂದ ಹಿಂದಿಯಲ್ಲಿ. ಚಹಾ ಕುಡಿದೇ ಹೋದ. ಅವನ ಮೇಲೆ ನನಗೇನೂ ಸಿಟ್ಟಿಲ್ಲ.

ಸಿಟ್ಟು ಆ ಪೆನ್ನಿನ ಮೇಲೆ. ಟಿಡಿಎಸ್ ಅಂದರೆ ನೀರಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕ, ಅದನ್ನೂ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನೋದರ ಮೇಲೆ ಅಂದಾಜು ಮಾಡಿದ್ದು. ಅದೇ ಪೆನ್ನನ್ನು ಎಳನೀರಿಗೆ ಅದ್ದಿದರೆ ಸಾವಿರಗಟ್ಟಲೆ ತೋರಿಸುತ್ತದೆ. ಗಟಾರದ ನೀರು ನಾಲ್ಕು ಹನಿ ಬೆರೆತ ಮಳೆನೀರಿಗೆ ಅದ್ದಿ, 'ಭೇಷ್' ಅನ್ನುತ್ತದೆ. ರೋಗಾಣು ಅದರ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಆರ್‌ಒ ದಂಡ ಅಂತ ನಾನು ಹೇಳೋದಿಲ್ಲ. ಅವ್ವನ ಹಲ್ಲು ನೋಡಿದವರು ಹಾಗೆ ಹೇಳಲಾರರು. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರು ಕುಡಿದು ಹಲ್ಲು ಕಂದಿದವರು, ಮೊಣಕಾಲು ಹಿಡಿದುಕೊಂಡವರು ನಮ್ಮ ಓಣಿಯಲ್ಲಿ ಎಷ್ಟೋ ಮಂದಿ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕಾಯಿನ್ ಹಾಕಿ ಕೊಡ ತುಂಬಿಸಿಕೊಳ್ಳುವ ಆರ್‌ಒ ನೀರಿನ ಘಟಕ ಅಲ್ಲಿ ಬಂದದ್ದು ಪುಣ್ಯದ ಕೆಲಸ. ಇಲ್ಲಿಯೂ ಟ್ಯಾಂಕರ್ ಮೇಲೆ, ಬೋರ್ ಮೇಲೆ ಬದುಕುವ ಬಿಲ್ಡಿಂಗುಗಳಿವೆ. ಅಂಥವರು ನೀರನ್ನು ಲ್ಯಾಬಿಗೆ ಕೊಟ್ಟು ರಿಪೋರ್ಟ್ ನೋಡಿ, ಬೇಕಿದ್ದರೆ ಆರ್‌ಒ ಹಾಕಿಸಿಕೊಳ್ಳಲಿ.

ಆದರೆ ಮುಲುಂಡದ ನಲ್ಲಿಯಲ್ಲಿ ಬರುವುದು ಬೋರ್ ನೀರಲ್ಲ. ಭಾತ್ಸಾ, ತಾನಸಾ, ವೈತರಣಾ ಜಲಾಶಯಗಳಲ್ಲಿ ನಿಂತ ಮಳೆನೀರು, ಮುನ್ಸಿಪಾಲಿಟಿಯ ಶುದ್ಧೀಕರಣ ಘಟಕದಲ್ಲಿ ಸೋಸಿ, ಕ್ಲೋರಿನ್ ಹಾಕಿ ಬಿಟ್ಟದ್ದು. 2019ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕೈಲಿ ನಗರಗಳ ನಲ್ಲಿ ನೀರು ಪರೀಕ್ಷೆ ಮಾಡಿಸಿದಾಗ ಮುಂಬೈಯ ಹತ್ತಕ್ಕೆ ಹತ್ತೂ ಸ್ಯಾಂಪಲ್ ಪಾಸು. ಅದೇ ವರ್ಷ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಗೆ ತಡೆ ಹಾಕಿ ಅಂತ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ನಮ್ಮದು 68! ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಮೋರಿಗೆ ಬಿಡುವ ಮೆಷೀನು ಇಟ್ಟುಕೊಂಡು, ಮೇ ತಿಂಗಳಲ್ಲಿ ಪೇಪರಿನಲ್ಲಿ ಕೆರೆಗಳ ಮಟ್ಟ ಓದಿ ಲೊಚಗುಟ್ಟುವವರನ್ನು ಕಂಡರೆ ನಗು ಬರುತ್ತದೆ.

ಹಾಗಾದರೆ ಎರಡು ವರ್ಷದ ಹಿಂದೆ ನಮ್ಮ ಬಿ ವಿಂಗ್‌ನಲ್ಲಿ ಮೂವರಿಗೆ ಕಾಮಾಲೆ ಆದದ್ದು ಹೇಗೆ? ಅದರಲ್ಲಿ ಇಬ್ಬರ ಮನೆಯಲ್ಲಿ ಆರ್‌ಒ ಇತ್ತು. ಒಬ್ಬರದರಲ್ಲಿ ಫಿಲ್ಟರ್ ಬದಲಿಸಿ ಅನ್ನುವ ಕೆಂಪು ದೀಪ ಎಂಟು ತಿಂಗಳಿಂದ ಉರಿಯುತ್ತಿತ್ತಂತೆ. ಮತ್ತೆ ಹಲ್ಲುಜ್ಜುವ ನೀರು, ಕೊತ್ತಂಬರಿ ತೊಳೆಯುವ ನೀರು ಯಾರ ಮನೆಯಲ್ಲಿ ಆರ್‌ಒದ್ದು ಇರುತ್ತದೆ? ಕಾಯಿಲೆ ನೀರಿನಿಂದಲೇ ಬಂತು ಅಂತ ಸಾಬೀತು ಮಾಡೋಕೆ ನನ್ನಿಂದಾಗಲ್ಲ. ಆದರೆ ಎಚ್‌ಟುಎಸ್ ಬಾಟಲಿ ಎರಡು ತಂದೆ. ಸಣ್ಣ ಸೀಸೆ, ಗೆರೆವರೆಗೂ ನೀರು ತುಂಬಿ ಅಲ್ಲಾಡಿಸಿ ಇಟ್ಟರೆ ಆಯಿತು. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿರುವ ಸಂಶಯ. ಗೇಟಿನ ಹತ್ತಿರ, ಮುನ್ಸಿಪಾಲಿಟಿ ಪೈಪಿನಿಂದ ನೇರ ಬರುವ ನಲ್ಲಿಯಿಂದ ಒಂದು ತುಂಬಿದೆ, ನನ್ನ ಅಡುಗೆಮನೆಯ ನಲ್ಲಿಯಿಂದ ಇನ್ನೊಂದು. ಗೇಟಿನದು ಹಾಗೇ ಇತ್ತು. ಅಡುಗೆಮನೆಯದು ಮರುದಿನವೇ ಶಾಯಿ.

ಎರಡರ ನಡುವೆ ಇರುವುದು ನಮ್ಮ ಟ್ಯಾಂಕು ತಾನೆ? ಸೆಕ್ರೆಟರಿ "ವರ್ಷಾ ವರ್ಷಾ ಕ್ಲೀನ್ ಮಾಡಿಸ್ತೀವಿ" ಅಂದರು. ಬಿಲ್ಲೂ ಇತ್ತು. ನೆಲದಡಿಯ ಟ್ಯಾಂಕಿನ ಮುಚ್ಚಳ ತೆಗೆಸಿದೆವು. ಮುಚ್ಚಳಕ್ಕೆ ಬಿರುಕು, ತಳದಲ್ಲಿ ಗೇಣುದ್ದ ರಾಡಿ, ಒಂದು ಮಾರು ದೂರದಲ್ಲಿ ತುಂಬಿ ಉಕ್ಕುವ ಡ್ರೈನೇಜ್ ಚೇಂಬರ್. ನೋಡೋಕೆ ಬಂದವರಲ್ಲಿ ಅರ್ಧ ಜನ ಮೂಗು ಮುಚ್ಚಿಕೊಂಡು ಲಿಫ್ಟ್ ಹತ್ತಿದರು.

ಹೊರಗಿನ ಪೈಪೂ ಸಾಚಾ ಅನ್ನುವಂತಿಲ್ಲ. ದಿನಕ್ಕೆ ಕೆಲವೇ ತಾಸು ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತು ಪೈಪಲ್ಲಿ ಒತ್ತಡ ಇರುವುದಿಲ್ಲ. ಸೋರುವ ಕಡೆಯಿಂದಲೇ ಹೊರಗಿನ ಹೊಲಸು ಒಳಗೆ ಇಳಿಯಬಹುದು. ಅದಕ್ಕೆ ನಮಗೆ ಬೇಕಾದದ್ದು ರೋಗಾಣು ತಡೆಯುವ ಫಿಲ್ಟರು, ಲವಣ ತೆಗೆಯುವುದಲ್ಲ.

ನಮ್ಮ ಮನೆಯಲ್ಲಿರುವುದು ಕಾರ್ಬನ್, ಯುಎಫ್, ಯುವಿ ಮೂರೂ ಇರುವ ಸಾದಾ ಮೆಷೀನು. ಯುಎಫ್ ಅಂದರೆ ತೀರಾ ಸಣ್ಣ ತೂತಿನ ಜರಡಿ, ಬ್ಯಾಕ್ಟೀರಿಯಾ ಹಿಡಿಯುತ್ತದೆ, ಅದಕ್ಕೆ ಕರೆಂಟು ಬೇಡ. ಯುವಿ ಅಂದರೆ ಅತಿನೇರಳೆ ಬೆಳಕಿನ ದೀಪ, ವೈರಸ್ಸನ್ನೂ ಕೊಲ್ಲುತ್ತದೆ, ಆದರೆ ನೀರು ರಾಡಿಯಾಗಿದ್ದರೆ ಬೆಳಕು ಒಳಗೆ ಹೋಗೋದಿಲ್ಲ. ದೀಪ ಉರಿಯುತ್ತಲೇ ಇದ್ದರೂ ಕಾಲ ಕಳೆದಂತೆ ಅದರ ಕಸುವು ಕುಗ್ಗುತ್ತದೆ, ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಕಾರ್ಬನ್ ಕ್ಲೋರಿನ್ ವಾಸನೆ ತೆಗೆಯುತ್ತದೆ. ಹಾಗೆಂದರೆ ನೀರಿಗಿದ್ದ ಕಾವಲೂ ಹೋಯಿತು ಅಂತಲೇ. ಸೋಸಿದ ನೀರನ್ನು ಎರಡೆರಡು ದಿನ ಹಂಡೆಯಲ್ಲಿ ತುಂಬಿಡಬೇಡ ಅಂತ ಅವ್ವನಿಗೆ ದಿನಾ ಹೇಳುತ್ತೇನೆ, ದಿನಾ ತುಂಬಿಡುತ್ತಾಳೆ. ಮಳೆಗಾಲದಲ್ಲಿ ಅದರ ಮೇಲೆ ಕುದಿಸುತ್ತೇವೆ. ಕೊತಕೊತ ಒಂದು ನಿಮಿಷ ಕುದ್ದರೆ ಸಾಕು.

ಟ್ಯಾಂಕಿಗೆ ಹೊಸ ಮುಚ್ಚಳ ಬಂತು, ಚೇಂಬರ್ ರಿಪೇರಿ ಆಯಿತು. ಈಗ ಪ್ರತಿ ಕ್ಲೀನಿಂಗ್ ಆದ ಮೇಲೂ ಒಂದು ಸೀಸೆ ತುಂಬಿ ಇಡುವುದು ನನ್ನ ಕೆಲಸ. ಈ ಸಲದ್ದು ಫ್ರಿಜ್ ಮೇಲಿದೆ, ಶುಕ್ರವಾರ ಸಂಜೆ ಇಟ್ಟದ್ದು. ಹುಡುಗ ಹೋದ ಮೇಲೆ ಅವ್ವ ಕನ್ನಡಕ ಹಾಕಿಕೊಂಡು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಕರ್ರಗ ಆಗಿಲ್ಲಲ್ಲವಾ ಇನ್ನೂ?"

ಆಗಿಲ್ಲ, ಅಂದೆ.

"ಹಂಗಾರ ಆ ಹುಡುಗಗ ಚಹಾ ಮಾಡಿದ್ದು ಈ ನೀರಿಂದ ಏನು?"