ಪರ್ಮಿಟ್ಟಿನ ಕೊನೆ ಪುಟ

ಜೌಗಿನಲ್ಲಿ ಕರೆಂಟ್ ಕಂಬ ನೆಡೋಕೆ, ನೀರಿನ ಪೈಪು ಹಾಕೋಕೆ ಯಾಕಿಷ್ಟು ಪರ್ಮಿಟ್ ಅಂತ ಗೊಣಗುವವರು ಜಾಸ್ತಿ. ಪರ್ಮಿಟ್ ಕೊಡಲೇಬಾರದು ಅನ್ನುವವರೂ ಇದ್ದಾರೆ. ಈ ಜಗಳದಲ್ಲಿ ಕೊನೆ ಪುಟದ ಷರತ್ತುಗಳನ್ನು ಯಾರೂ ಓದುವುದಿಲ್ಲ. ನನ್ನ ತಕರಾರು ಅದೇ. ಜೌಗಿನ ಹಣೆಬರಹ ಇರುವುದು ಆ ಪುಟದಲ್ಲಿ.

ಪೈಪಿನ ಕಾಲುವೆಯನ್ನೇ ನೋಡಿ. ಅಗೆದು, ಪೈಪು ಇಟ್ಟು, ಮುಚ್ಚಿದರೆ ಮುಗೀತು ಅಲ್ವಾ? ಇಲ್ಲ. ಬರೀ ಜಲ್ಲಿ ತುಂಬಿದರೆ ಅದು ನೆಲದೊಳಗಿನ ಚರಂಡಿಯಾಗುತ್ತದೆ. ಜೌಗಿನ ನೀರು ಅದರಗುಂಟ ಸದ್ದಿಲ್ಲದೆ ಬಸಿದು ಹೋಗುತ್ತದೆ. ಮೇಲೆ ಸ್ವಲ್ಪ ಕಾಲ ಎಲ್ಲಾ ಹಸಿರಾಗೇ ಕಾಣುತ್ತದೆ. ಆಮೇಲೆ ಜೊಂಡು ಇದ್ದ ಕಡೆ ಒಣನೆಲದ ಗಿಡಗಳು ಏಳುತ್ತವೆ. ಅಮೆರಿಕದ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್, ಅಂದರೆ ಅಲ್ಲಿನ ಸೇನೆಯ ಇಂಜಿನಿಯರಿಂಗ್ ವಿಭಾಗ, ಕೊಡುವ ಪರ್ಮಿಟ್ಟಿನಲ್ಲಿ ಇದಕ್ಕೆ ನೇರವಾದ ಮಾತಿದೆ: ನೀರು ಬಸಿಯುವಂತೆ ಕಾಲುವೆ ಮುಚ್ಚುವ ಹಾಗಿಲ್ಲ. ಜೌಗಿನಲ್ಲಾದರೆ ಮೇಲಿನ 6ರಿಂದ 12 ಇಂಚಿಗೆ ಸಾಮಾನ್ಯವಾಗಿ ಅಲ್ಲಿಂದಲೇ ತೆಗೆದ ಮೇಲ್ಮಣ್ಣು ವಾಪಸ್ ಬರಬೇಕು. ಬೀಜ, ಗೆಡ್ಡೆ ಎಲ್ಲಾ ಇರುವುದು ಆ ಮಣ್ಣಲ್ಲೇ ತಾನೇ. ಅದನ್ನು ಬೇರೆ ಗುಡ್ಡೆ ಮಾಡಿಡೋಕೆ ಎಷ್ಟು ಹೊತ್ತು ಬೇಕು? ಆದರೂ ಅವಸರದಲ್ಲಿ ಎಲ್ಲಾ ಕಲಸಿಬಿಡುತ್ತಾರೆ.

ತಂತಿಯ ಕಥೆ ಬೇರೆ. ಕೊಕ್ಕರೆಯಂಥ ಭಾರದ ಹಕ್ಕಿ ಹಾರುವಾಗ ಥಟ್ಟನೆ ಹೊರಳಲಾರದು. ಎಲ್ಲಕ್ಕಿಂತ ಮೇಲಿರುವ ತೆಳು ತಂತಿ ಕಣ್ಣಿಗೆ ಬೀಳುವುದಿಲ್ಲ, ಬಡಿಯುವುದು ಅದಕ್ಕೇ ಜಾಸ್ತಿ. ಅಲ್ಲಿ ಸುರುಳಿಯನ್ನೋ ಬಿಲ್ಲೆಯನ್ನೋ ನೇತುಹಾಕಿದರೆ ಸಾವು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ನಿಜ.

ಬಿರುಗಾಳಿಗೆ ಕಂಬ ಉರುಳಿದಾಗ ಮೊದಲು ಕರೆಂಟು, ಆಮೇಲೆ ಕಾಗದ. ಒಪ್ಪುತ್ತೇನೆ. ಆದರೆ ವರ್ಷಕ್ಕೆ ಮೊದಲೇ ಗೊತ್ತಿರುವ ಕೆಲಸವನ್ನು ಆಮೆ ಮೊಟ್ಟೆಯಿಡುವ ಕಾಲಕ್ಕೇ ಯಾಕೆ ತಂದು ನಿಲ್ಲಿಸಬೇಕು? ಹೆಣ್ಣಾಮೆ ನೀರು ಬಿಟ್ಟು ಮೇಲೆ ಬಂದು, ಬಿಸಿಲು ಬೀಳುವ ಸಡಿಲ ಮಣ್ಣು ಹುಡುಕುತ್ತದೆ. ನಾವು ಅಗೆದಿಟ್ಟ ಗುಡ್ಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ! ಬೆಳಗಾದರೆ ಅಲ್ಲೇ ಯಂತ್ರ. ಅದಕ್ಕೇ ಸುತ್ತ ಬೇಲಿ ಹಾಕಬೇಕು, ಯಂತ್ರ ಶುರುಮಾಡುವ ಮೊದಲು ದಿನಾ ಒಬ್ಬರು ನಡೆದು ನೋಡಬೇಕು ಅಂತ ಷರತ್ತು ಹಾಕುವುದು. ನಡೆದು ನೋಡುವವರಿಗೆ ಕೆಲಸ ನಿಲ್ಲಿಸುವ ಅಧಿಕಾರವೂ ಇರಬೇಕು. ಇಲ್ಲದಿದ್ದರೆ ಅದು ಸುಮ್ನೆ ವಾಕಿಂಗ್.

ಇನ್ನು ಆ ಬೇಲಿ. ಕೆಲಸ ಮುಗಿದ ಮೇಲೆ ಕೀಳಬೇಕು ಅಂತಲೂ ಅದೇ ಪುಟದಲ್ಲಿ ಬರೆದಿರುತ್ತಾರೆ. ಬಿಲ್ ಪಾಸಾದ ಮೇಲೆ ಯಾರು ಬರುತ್ತಾರೆ? ಆಮೆಯನ್ನು ಕಾಯಲು ಕಟ್ಟಿದ್ದು ಆಮೆಗೇ ಅಡ್ಡ ನಿಂತಿರುತ್ತದೆ, ಆಚೆ ನೀರು, ಈಚೆ ಮರಿಗಳು.