ಸೌದೆ ಕೊಟ್ಟಿಗೆ ಖಾಲಿ ಇದ್ದರೆ ಕೋಳಿಗೆ ಬಿಟ್ಟುಕೊಡಿ

ಮಲೆನಾಡಿನ ಮನೆಗಳ ಹಿತ್ತಲಲ್ಲಿ ಈಗ ಖಾಲಿ ಸೌದೆ ಕೊಟ್ಟಿಗೆಗಳಿಗೇನೂ ಬರವಿಲ್ಲ. ಗ್ಯಾಸ್ ಬಂತು, ಬಚ್ಚಲಿಗೆ ಸೋಲಾರ್ ಬಂತು, ವರ್ಷಕ್ಕಾಗುವಷ್ಟು ಸೌದೆ ಒಟ್ಟುವ ಕೆಲಸ ತಪ್ಪಿತು. ಈಗ ಒಳಗಿರುವುದು ಮುರಿದ ಕುರ್ಚಿ, ತುಕ್ಕು ಹಿಡಿದ ಔಷಧಿ ಪಂಪು, ಕಲ್ಲಾಗಿ ಹೋದ ಅರ್ಧ ಚೀಲ ಸಿಮೆಂಟು. ಇದನ್ನೇ ಕೋಳಿಗೂಡು ಮಾಡಬಹುದಾ ಅಂತ ಕೇಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಧಾರಾಳವಾಗಿ ಮಾಡಿ. ಹೊಸ ಶೆಡ್ಡಿಗೆ ದುಡ್ಡು ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಒಂದು ಮಾತು. ತೋಟದ ಮೋಟಾರ್ ರೂಮು ಖಾಲಿ ಇದೆ, ನಾಲ್ಕೂ ಕಡೆ ಗೋಡೆ, ಗಟ್ಟಿ ಬಾಗಿಲು, ಅಲ್ಲೇ ಸಾಕೋಣ ಅನ್ನುತ್ತಾರಲ್ಲ, ಅದು ಬೇಡ. ಸೌದೆ ಕೊಟ್ಟಿಗೆ ಕಟ್ಟಿದವರು ಸೌದೆ ಒಣಗಲಿ ಅಂತ ಗಾಳಿ ಬಿಟ್ಟು ಕಟ್ಟಿದ್ದಾರೆ. ಕೋಳಿಗೆ ಬೇಕಾದ್ದೂ ಅದೇ. ಹಿಕ್ಕೆ ಒದ್ದೆಯಾದರೆ ಅಮೋನಿಯಾ ಏಳುತ್ತದೆ. ಮುಚ್ಚಿದ ರೂಮಿನಲ್ಲಿ ಅದು ಹೋಗುವುದೆಲ್ಲಿಗೆ? ಕೋಳಿಯ ಕಣ್ಣು, ಶ್ವಾಸಕೋಶ ಎರಡಕ್ಕೂ ತೊಂದರೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕುಕ್ಕರುಗಾಲಲ್ಲಿ ಕೂತು, ಕೋಳಿಯ ಎತ್ತರದಲ್ಲಿ ಒಮ್ಮೆ ಉಸಿರೆಳೆದು ನೋಡಿ. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಗೊತ್ತಾಗುತ್ತದೆ. ನಿಮ್ಮ ಕಣ್ಣು ಚುರುಗುಟ್ಟಿದರೆ ರಾತ್ರಿಯೆಲ್ಲಾ ಅಲ್ಲೇ ಇದ್ದ ಕೋಳಿಯ ಗತಿ ಏನು?

ಮಳೆಗಾಲದ ಚಿಂತೆ ಬೇರೆ. ನಮ್ಮ ಕಡೆ ಮಳೆ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಹೊಡೆಯುವುದೇ ಹೆಚ್ಚು. ಎರಚಲು ಬರುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಮಾಡಿನ ಕೆಳಗೆ ಒಂದಡಿ ಬಿಡಿ. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿಬಿಟ್ಟರೆ ಅದೂ ಮೋಟಾರ್ ರೂಮೇ ಆಯಿತು.

ಇನ್ನು ಕ್ಲೀನಿಂಗ್. ಇದನ್ನು ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ. ಅಡಿಕೆ ತೋಟದವರ ಕೊಟ್ಟಿಗೆ ಅಂದರೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ ಚೂರು ಮೂಲೆಯಲ್ಲಿ ಇದ್ದೇ ಇರುತ್ತದೆ. ಕೀಟನಾಶಕದ ಬಾಟಲಿಯೂ ಇರಬಹುದು. ಅವನ್ನೆಲ್ಲ ತೆಗೆದು, ಮಣ್ಣಿನ ನೆಲವಾದರೆ ಮೇಲಿನ ಪದರವನ್ನೂ ಕೆರೆದು ಹಾಕಬೇಕು. ಆಮೇಲೆ ಮೊಳೆ. ಕೋಳಿಗೆ ಹೊಳೆಯುವುದು ಕಂಡರೆ ಕುಕ್ಕಲೇಬೇಕು. ಮೊಳೆ, ತಂತಿ ಚೂರು ನುಂಗಿತೋ, ಹೊಟ್ಟೆಯೊಳಗೆ ಚುಚ್ಚಿ ಸಾಯುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆದಾಡಿ. ಗುಡಿಸಿದ ಮೇಲೂ ಎಷ್ಟು ಅಂಟಿಕೊಂಡು ಬರುತ್ತವೆ ಅಂತ ನೀವೇ ನೋಡಿ.

ಹಳೇ ಮರದ ಸಂದಿಯಲ್ಲಿ ಕೋಳಿ ಕೂರೆ ಸೇರಿಕೊಳ್ಳುತ್ತದೆ. ಹಗಲು ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಜಾತಿಯೂ ಇದೆ. ಕೋಳಿ ಸೊರಗುತ್ತದೆ, ಮೊಟ್ಟೆ ನಿಲ್ಲಿಸುತ್ತದೆ, ನಾವು ತಿಂಡಿ ಬದಲಾಯಿಸುತ್ತಾ ಕೂರುತ್ತೇವೆ. ಹೊರಗೆ ಚಂದದ ಪೇಂಟ್ ಹೊಡೆಸುವ ದುಡ್ಡಿದ್ದರೆ, ಅದರಲ್ಲಿ ಸುಣ್ಣ ತಂದು ಒಳಗಿನ ಸಂದಿ ಸಂದಿಗೂ ಬ್ರಶ್ಶಿನಲ್ಲಿ ತುಂಬಿಸಿ. ಫೋಟೋಕ್ಕೆ ಚೆನ್ನಾಗಿ ಬರಲ್ಲ, ಪರವಾಗಿಲ್ಲ.

ದುಡ್ಡು ಹಾಕಲೇಬೇಕಾದ ಜಾಗ ಒಂದೇ: ಜಾಲರಿ. ಅಂಗಡಿಯಲ್ಲಿ ಕೋಳಿ ಮೆಶ್ ಅಂತ ಕೊಡುವ ಆರು ಮೂಲೆ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ನಾಯಿಯನ್ನು ಹೊರಗಿಡಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಕೆಳಗೆ ಒಂದಡಿ ಮಣ್ಣೊಳಗೆ ಹೋಗಲಿ, ಹೆಗ್ಗಣ ತೋಡಿಕೊಂಡು ಬರುತ್ತದೆ. ಪುನುಗಿನ ಬೆಕ್ಕು, ಕಾಡುಬೆಕ್ಕು ಬರುವುದು ರಾತ್ರಿ. ಮುಂಗುಸಿಗೆ ಹಗಲೇ ಡ್ಯೂಟಿ, ಮರಿ ಮತ್ತು ಮೊಟ್ಟೆಯ ಮೇಲೆ ಅದರ ಕಣ್ಣು. ಹಾಗಾಗಿ ಸಂಜೆ ಬಾಗಿಲು ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಕೂರುವ ಗಳವನ್ನು ಜಾಲರಿಯಿಂದ ಒಂದೂವರೆ ಅಡಿ ಒಳಗೆ ಕಟ್ಟಿ, ಎತ್ತರ ಎರಡಡಿ ಸಾಕು. ಗಿರಿರಾಜ ತಳಿಯಂಥ ಭಾರದ ಕೋಳಿ ಅಟ್ಟದಿಂದ ಧುಮುಕಿದರೆ ಪಾದಕ್ಕೆ ಪೆಟ್ಟಾಗುತ್ತದೆ. ಮೊಟ್ಟೆ ಬುಟ್ಟಿ ಮಾತ್ರ ಗಳಕ್ಕಿಂತ ಕೆಳಗಿರಲಿ, ಇಲ್ಲದಿದ್ದರೆ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ನಾಲ್ಕೈದು ಹೇಂಟೆಗೆ ಒಂದು ಬುಟ್ಟಿ ಲೆಕ್ಕ. ನೀವು ಎಷ್ಟೇ ಇಡಿ, ಎಲ್ಲದಕ್ಕೂ ಬೇಕಾಗುವುದು ಅದೇ ಒಂದು ಬುಟ್ಟಿ.

ಎಷ್ಟು ಕೋಳಿ ಅನ್ನುವುದರಲ್ಲೇ ಆಸೆ ಕೆಲಸ ಕೆಡಿಸುವುದು. ಒಂದಕ್ಕೆ 2 ಚದರಡಿ ಕನಿಷ್ಠ ಅಂತಾರೆ. ನಾನು 3 ಅನ್ನುತ್ತೇನೆ, ಯಾಕೆಂದರೆ ಆಷಾಢದ ಜಡಿಮಳೆಯಲ್ಲಿ ಅವು ಹೊರಗೆ ಕಾಲಿಡಲ್ಲ. 10 ಅಡಿಗೆ 8 ಅಡಿಯ ಕೊಟ್ಟಿಗೆಯಲ್ಲಿ 25 ಸಾಕು. 60 ತುಂಬಿಸಿ ಅಂತ ಯೂಟ್ಯೂಬಿನಲ್ಲಿ ಹೇಳುವವರು ನಿಮ್ಮ ಮನೆಗೆ ಬಂದು ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಬದಲಾಯಿಸಲ್ಲ. ಹೊಟ್ಟು ಒದ್ದೆಯಾದರೆ ರಕ್ತಭೇದಿ ಶುರು. ದಿನಾ ಕೆದಕಿ ಒಣಗಿರುವಂತೆ ನೋಡಿಕೊಳ್ಳಿ. ತೆಗೆದ ಹೊಟ್ಟನ್ನು ಹಸಿಯಾಗಿ ಅಡಿಕೆ ಬುಡಕ್ಕೆ ಸುರಿಯಬೇಡಿ, ಗೊಬ್ಬರದ ಗುಂಡಿಯಲ್ಲಿ ಕಳಿತ ಮೇಲೆ ಹಾಕಿ.

ಗೂಡು ಎಷ್ಟೇ ಚೆನ್ನಾಗಿದ್ದರೂ ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅನ್ನುವ ವೈರಸ್ ರೋಗ) ಜಾಲರಿ ಅಡ್ಡ ಬರಲ್ಲ. ಮೊದಲ ವಾರದಲ್ಲೇ ಮರಿಗಳಿಗೆ ಲಸಿಕೆ ಹನಿ ಹಾಕಿಸಿ, ಮುಂದಿನದು ಯಾವಾಗ ಅಂತ ಪಶು ಆಸ್ಪತ್ರೆಯಲ್ಲೇ ಕೇಳಿಕೊಂಡು ಬನ್ನಿ. ತಳಿಯ ವಿಷಯಕ್ಕೆ ಬಂದರೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ಹಿತ್ತಲಿಗೆ ಒಳ್ಳೆಯದೇ. ಆದರೆ ಕಾವಿಗೆ ಕೂರುವುದು ಅದರ ಜಾಯಮಾನವಲ್ಲ. ಮನೆಯಲ್ಲೇ ಮರಿ ಬೇಕಾದರೆ ಒಂದೆರಡು ನಾಟಿ ಹೇಂಟೆ ಜೊತೆಗಿರಲಿ, 21 ದಿನ ಅಲ್ಲಾಡದೆ ಕೂತು ಮರಿ ಮಾಡಿಕೊಡುತ್ತವೆ.

ಹುಂಜ ಬೇಕೇ ಬೇಕಾ ಅಂತ ಕೆಲವರು ಕೇಳುತ್ತಾರೆ. ಮೊಟ್ಟೆಗೆ ಬೇಡ, ಮರಿಗೆ ಬೇಕು. ಪಕ್ಕದ ಮನೆ ಹತ್ತಿರದಲ್ಲಿದ್ದರೆ ಮೊದಲು ಅವರನ್ನೊಂದು ಮಾತು ಕೇಳಿ ತನ್ನಿ. ಬೆಳಗಿನ ಜಾವ ನಾಲ್ಕಕ್ಕೆ ಅದು ಕೂಗುವುದು ನಿಮ್ಮ ಮನೆಗೆ ಮಾತ್ರ ಅಲ್ಲ ಅಲ್ವಾ?